ಗರೀಬ

ಅರಬ್ಬಿಯಲ್ಲಿ ಹುಟ್ಟಿ, ಫಾರಸಿಯಲ್ಲಿ ಬೆಳೆದು, ದಖ್ಖನಿ ಉರ್ದುವಿನ ಮೂಲಕ ಕನ್ನಡಕ್ಕೆ ಬಂದ ಶಬ್ದ. ಇಂದಿನ ಕನ್ನಡದಲ್ಲಿ, ಅದರಲ್ಲೂ ಬೀದರ, ಕಲಬುರಗಿ, ರಾಯಚೂರು, ವಿಜಯಪುರ ಸೀಮೆಗಳ ಆಡುಮಾತಿನಲ್ಲಿ, ಗರೀಬ ಎಂದರೆ ಬಡವ. ಶಬ್ದದ ಮೂಲ ಅರ್ಥ ಬೇರೆ. ಪರಸ್ಥಳದವನು, ಗುರುತು ಪರಿಚಯ ಇಲ್ಲದವನು, ಅದರಿಂದ ಮುಂದುವರಿದು ವಾಡಿಕೆಗೆ ಹೊರತಾದದ್ದು, ವಿಚಿತ್ರವಾದದ್ದು ಎಂದು ಅದು ಹೇಳುತ್ತಿತ್ತು. ವಿಚಿತ್ರಕ್ಕೂ ಬಡತನಕ್ಕೂ ನಡುವಿನ ಈ ಹಾದಿಯನ್ನು ಕರ್ನಾಟಕದಲ್ಲಿ ಬೀದರಿನಷ್ಟು ಚೆನ್ನಾಗಿ ತೋರಿಸುವ ಊರು ಇನ್ನೊಂದಿಲ್ಲ. 15ನೆಯ ಶತಮಾನದಲ್ಲಿ ಆ ಊರಿನ ದರ್ಬಾರಿನಲ್ಲಿ ಗರೀಬರೆಂದರೆ ವಜೀರರು, ದಂಡನಾಯಕರು, ಹಡಗಿನಲ್ಲಿ ಕುದುರೆ ತರಿಸಿ ಮಾರುವ ಸಾಹುಕಾರರು. ಇಂದು ಅದೇ ಊರಿನ ಸುತ್ತ, ಮನ್ನಳ್ಳಿಯಿಂದ ಭಾಲ್ಕಿ, ಔರಾದದವರೆಗೆ, ಗರೀಬ್ ಮಂದಿ ಎಂದರೆ ಕೂಲಿನಾಲಿ ಮಾಡಿ ಹೊಟ್ಟೆ ಹೊರೆಯುವವರು.

ಧಾತು ಮತ್ತು ಮೊದಲ ಅರ್ಥಗಳು

ಅರಬ್ಬಿಯ ಗ-ರ-ಬ ಎಂಬ ಮೂರು ವ್ಯಂಜನಗಳ ಧಾತುವಿಗೆ ಸೂರ್ಯ ಮುಳುಗು, ಕಣ್ಮರೆಯಾಗು, ದೂರ ಹೋಗು ಎಂಬ ಅರ್ಥಗಳಿವೆ. ಗರ್ಬ್ ಎಂದರೆ ಪಡುವಣ ದಿಕ್ಕು. ಹೊತ್ತು ಮುಳುಗಿದ ಮೇಲಿನ ನಮಾಜಿಗೆ ಮಗ್ರಿಬ್ ಎಂಬ ಹೆಸರು ಬಂದದ್ದು ಇದರಿಂದ. ಮೊರಾಕೊ ಮತ್ತು ಅದರ ನೆರೆಯ ಉತ್ತರ ಆಫ್ರಿಕದ ನಾಡುಗಳನ್ನು ಮಗ್ರಿಬ್ ಎನ್ನುವುದೂ, ಪೋರ್ಚುಗಲ್ಲಿನ ದಕ್ಷಿಣ ಕರಾವಳಿಗೆ ಅಲ್ಗಾರ್ವ್ ಎಂಬ ಹೆಸರು ಉಳಿದುಕೊಂಡಿರುವುದೂ ಇದರಿಂದಲೇ. ಹೀಬ್ರೂ ಭಾಷೆಯಲ್ಲಿ ಸಂಜೆಗಿರುವ ಎರೆವ್ ಎಂಬ ಮಾತು ಇದೇ ಕುಲದ್ದು. ಕನ್ನಡದ ಪಡುವಣವೂ ಹೊತ್ತು ಬೀಳುವ ದಿಕ್ಕೇ ಆದ್ದರಿಂದ ಈ ಆಲೋಚನೆ ನಮಗೆ ಹೊಸದಲ್ಲ. ಅರಬ್ಬಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸೂರ್ಯನಂತೆ ತನ್ನವರ ಕಣ್ಣಿಂದ ಮರೆಯಾಗಿ ಹೋದವನನ್ನು ಗರೀಬ್ ಎಂದೂ, ಅವನ ಆ ಸ್ಥಿತಿಯನ್ನು ಗುರ್ಬತ್ ಎಂದೂ ಕರೆಯಿತು.

ಪಂಡಿತರ ಬಳಕೆಯಲ್ಲಿ ಗರೀಬ್ ಎಂಬುದು ತೀರ ತಣ್ಣನೆಯ ಪಾರಿಭಾಷಿಕ ಪದ. ಪ್ರವಾದಿಯ ಹೇಳಿಕೆಗಳನ್ನು ಸಂಗ್ರಹಿಸಿದವರು ಒಬ್ಬನೇ ನಿರೂಪಕನ ಮೂಲಕ ಬಂದ ಹದೀಸನ್ನು ಗರೀಬ್ ಎಂದು ವರ್ಗೀಕರಿಸಿದರು. ಸುಲಭಕ್ಕೆ ಅರ್ಥವಾಗದ ಅಪರೂಪದ ಶಬ್ದಗಳೂ ಗರೀಬ್ ಎನಿಸಿಕೊಂಡವು. ಅವುಗಳನ್ನು ವಿವರಿಸುವ ನಿಘಂಟುಗಳದೇ ಒಂದು ಪ್ರಕಾರ ಬೆಳೆಯಿತು. 838ರಲ್ಲಿ ತೀರಿಕೊಂಡ ಅಬೂ ಉಬೈದನ ಗರೀಬ್ ಅಲ್-ಹದೀಸ್ ಇವುಗಳಲ್ಲಿ ಪ್ರಸಿದ್ಧವಾದದ್ದು. ಇಲ್ಲಿ ಗರೀಬ್ ಶಬ್ದದ ಹತ್ತಿರ ಬಡತನದ ಸುಳಿವೇ ಇಲ್ಲ.

ವಿಚಿತ್ರ ಎಂಬ ಅರ್ಥವನ್ನು ಶಾಸ್ತ್ರೀಯವಾಗಿ ತೂಗಿನೋಡಿದವನು 13ನೆಯ ಶತಮಾನದ ಝಕರಿಯಾ ಅಲ್-ಕಜ್ವೀನಿ. ಸೃಷ್ಟಿಯ ಬೆರಗುಗಳನ್ನೂ ಅಪರೂಪಗಳನ್ನೂ ಕುರಿತ ಅವನ ಗ್ರಂಥದ ಹೆಸರಿನಲ್ಲೇ ಅಜಾಯಿಬ್, ಗರಾಯಿಬ್ ಎಂಬ ಎರಡು ಬಹುವಚನಗಳಿವೆ. ಮುನ್ನುಡಿಯಲ್ಲಿ ಅವನು ಎರಡಕ್ಕೂ ಗೆರೆ ಎಳೆಯುತ್ತಾನೆ. ಒಂದು ವಸ್ತುವಿನ ಕಾರಣ ತಿಳಿಯದೆ ಮನಸ್ಸಿಗೆ ಆಗುವ ದಿಗ್ಭ್ರಮೆ ಅಜಬ್. ಎಂದೋ ಒಮ್ಮೆ ಮಾತ್ರ ನಡೆಯುವ, ಕಂಡುಂಡ ವಾಡಿಕೆಗೆ ಎದುರಾದ ಸಂಗತಿ ಗರೀಬ್. ಮೊದಲನೆಯದು ನೋಡುವವನ ಒಳಗೆ ಇರುತ್ತದೆ, ಎರಡನೆಯದು ನೋಡಿದ ವಸ್ತುವಿನಲ್ಲಿ. ದಿನಕ್ಕೊಮ್ಮೆ ಸೂರ್ಯ ಹುಟ್ಟುವುದು ಗರೀಬ್ ಆಗಲಾರದು, ಯೋಚಿಸಿದರೆ ಅಜಬ್ ಆಗಬಹುದು. ಫಾರಸಿ, ಉರ್ದುಗಳಲ್ಲಿ ಈ ಎರಡನ್ನೂ ಕೂಡಿಸಿ ಅಜೀಬೋಗರೀಬ್ ಎನ್ನುತ್ತಾರೆ. ಬೀದರಿನ ಪೇಟೆಯಲ್ಲಿ ಇಂದಿಗೂ ಕಿವಿಗೆ ಬೀಳುವ ಈ ಜೋಡುನುಡಿಯಲ್ಲಿ ಮಾತ್ರ ಗರೀಬ್ ತನ್ನ ಹಳೆಯ ಅರ್ಥವನ್ನು ಉಳಿಸಿಕೊಂಡಿದೆ. ಆಡುವವರಿಗೆ ಅದು ಬಡವ ಎಂಬ ಅದೇ ಶಬ್ದವೆಂದು ಹೊಳೆಯುವುದಿಲ್ಲ.

ಸೂಫಿಗಳು ಇದಕ್ಕೆ ಮೂರನೆಯ ಬಣ್ಣ ಕೊಟ್ಟರು. ಇಸ್ಲಾಂ ಪರಕೀಯವಾಗಿ ಆರಂಭವಾಯಿತು, ಮತ್ತೆ ಪರಕೀಯವಾಗುತ್ತದೆ, ಆ ಪರಕೀಯರು ಧನ್ಯರು ಎಂಬ ತಾತ್ಪರ್ಯದ ಪ್ರವಾದಿವಚನವೊಂದು ಹೆಸರಾಗಿದೆ. ಲೋಕದಲ್ಲಿ ಇದ್ದೂ ಲೋಕಕ್ಕೆ ಸೇರದವನೇ ಸಾಧಕ ಎಂದು ನಂಬಿದವರಿಗೆ ಗರೀಬ್ ಎನಿಸಿಕೊಳ್ಳುವುದು ಬಿರುದಾಯಿತು. ದೌಲತಾಬಾದಿನ ಹತ್ತಿರದ ಖುಲ್ದಾಬಾದಿನಲ್ಲಿ ಸಮಾಧಿಯಾಗಿರುವ, 1337ರಲ್ಲಿ ತೀರಿಕೊಂಡ ಚಿಶ್ತಿ ಸಂತ ಬುರ್ಹಾನುದ್ದೀನ್ ಗರೀಬ್ ಈ ಹೆಸರು ಹೊತ್ತವರಲ್ಲಿ ದಖ್ಖನಕ್ಕೆ ಹತ್ತಿರದವರು. ಅಜ್ಮೇರಿನ ಖ್ವಾಜಾ ಮುಈನುದ್ದೀನ್ ಚಿಶ್ತಿಯವರ ಗರೀಬ್ ನವಾಜ್ ಎಂಬ ಬಿರುದನ್ನು ಬಡವರನ್ನು ಪೊರೆಯುವವರು ಎಂದೂ, ಪರಸ್ಥಳದವರನ್ನು ಆದರಿಸುವವರು ಎಂದೂ ಎರಡು ಬಗೆಯಾಗಿ ಬಿಡಿಸಬಹುದು. ದರ್ಗಾಕ್ಕೆ ಬರುವವರಲ್ಲಿ ಎರಡೂ ಬಗೆಯವರು ಇರುತ್ತಾರಾದ್ದರಿಂದ ಯಾವುದು ಸರಿ ಎಂಬ ಪ್ರಶ್ನೆಯನ್ನು ಯಾರೂ ಎತ್ತಿದಂತಿಲ್ಲ.

ಬೀದರಿನ ಗರೀಬರು

1347ರಲ್ಲಿ ಕಲಬುರಗಿಯಲ್ಲಿ ನೆಲೆಯೂರಿದ ಬಹಮನಿ ರಾಜ್ಯ ದಿಲ್ಲಿಯಿಂದ ಕಡಿದುಕೊಂಡು ಬಂದದ್ದು. ಉತ್ತರದ ದಾರಿ ಮುಚ್ಚಿಹೋದ್ದರಿಂದ ಅದಕ್ಕೆ ಬೇಕಾದ ಕುದುರೆ, ಸೈನಿಕ, ಕಾರಕೂನ, ಪಂಡಿತ, ಕುಶಲಕರ್ಮಿ ಎಲ್ಲರೂ ಪಡುವಣ ಕಡಲಿನಿಂದ ಬರಬೇಕಾಯಿತು. ಫಿರೋಜ್ ಷಾ (ಆಳ್ವಿಕೆ 1397-1422) ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗು ಕಳಿಸಿ ಪ್ರತಿಭಾವಂತರನ್ನು ಕರೆಸುತ್ತಿದ್ದನೆಂದು ಇತಿಹಾಸಕಾರ ಫರಿಷ್ತಾ ಬರೆಯುತ್ತಾನೆ. ಹೀಗೆ ಇರಾನ್, ಇರಾಕ್, ಮಧ್ಯ ಏಷ್ಯಗಳಿಂದ ಬಂದವರಿಗೆ ಎರಡು ಹೆಸರು ಬಿದ್ದವು. ಒಂದು ಆಫಾಕಿ, ಎಂದರೆ ದಿಗಂತದವರು. ಇನ್ನೊಂದು ಗರೀಬ್. ಇವರಿಗಿಂತ ಮೊದಲೇ ಬಂದು ಇಲ್ಲಿ ಬೇರುಬಿಟ್ಟವರು ದಖ್ಖನಿಗಳು.

ಫಿರೋಜನ ತಮ್ಮ ಅಹ್ಮದ್ ಷಾ (ಆಳ್ವಿಕೆ 1422-1436) ಸಿಂಹಾಸನ ಏರಿದ್ದೇ ಒಬ್ಬ ಗರೀಬನ ನೆರವಿನಿಂದ. ಬಸ್ರಾದಿಂದ ಬಂದ ವ್ಯಾಪಾರಿ ಖಲಫ್ ಹಸನ್ ಕಷ್ಟಕಾಲದಲ್ಲಿ ಅವನ ಬೆನ್ನಿಗೆ ನಿಂತ. ಅದಕ್ಕೆ ಪ್ರತಿಯಾಗಿ ಅವನಿಗೆ ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ಒಡೆಯ, ಎಂಬ ಬಿರುದು ದೊರೆಯಿತು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನೂ ಅಹ್ಮದ್ ಷಾನೇ. ಇರಾನಿನ ಕಿರ್ಮಾನ್ ಸೀಮೆಯ ಸೂಫಿ ಷಾ ನಿಮತುಲ್ಲಾನನ್ನು ಅವನು ಬೀದರಿಗೆ ಬರಮಾಡಿಕೊಳ್ಳಲು ಆಶಿಸಿದ. ಸಂತ ತಾನು ಬರದೆ ಮೊಮ್ಮಗನನ್ನು ಕಳಿಸಿದ. ಸಂತನ ಮರಣದ ಬಳಿಕ ಮಗ ಖಲೀಲುಲ್ಲಾನೇ ಬಂದು ನೆಲೆಸಿದ. ಬೀದರಿನಿಂದ ಅಷ್ಟೂರಿಗೆ ಹೋಗುವ ದಾರಿಯಲ್ಲಿ ಎಂಟು ಮೂಲೆಯ ಗೋಡೆಯೊಳಗೆ ನಿಂತಿರುವ ಚೌಖಂಡಿ ಈ ಖಲೀಲುಲ್ಲಾನ ಸಮಾಧಿ. ನೌಬಾದಿನ ಕಡೆ ನೆಲದಡಿ ಸಾಗುವ ಕರೇಜ್ ಕಾಲುವೆಯೂ ಇರಾನಿನ ಜಲವಿದ್ಯೆಯದೇ. ಊರವರಿಗೆ ಅದು ಸುರಂಗ ಬಾವಿ.

ಹೊಸಬರಿಗೂ ಹಳಬರಿಗೂ ಹಗೆ ಬೆಳೆಯಲು ತಡವಾಗಲಿಲ್ಲ. ಅಹ್ಮದ್ ಷಾನ ಮಗ ಎರಡನೆಯ ಅಲಾವುದ್ದೀನ್ ಅಹ್ಮದ್ ದರ್ಬಾರಿನಲ್ಲಿ ಗರೀಬರನ್ನು ಸಿಂಹಾಸನದ ಬಲಕ್ಕೂ, ದಖ್ಖನಿಗಳನ್ನೂ ಹಬ್ಶಿಗಳನ್ನೂ ಎಡಕ್ಕೂ ನಿಲ್ಲಿಸುವ ಪದ್ಧತಿ ತಂದನೆಂದೂ, ವೈರ ಅಂದಿನಿಂದ ಗಟ್ಟಿಯಾಯಿತೆಂದೂ ಫರಿಷ್ತಾ ಹೇಳುತ್ತಾನೆ. 1440ರ ದಶಕದಲ್ಲಿ ಖಲಫ್ ಹಸನ್ ಕೊಂಕಣದ ಕಾಡಿನಲ್ಲಿ ಸೇನೆ ಸಮೇತ ಹೊಂಚಿಗೆ ಸಿಕ್ಕಿ ಸತ್ತ. ಉಳಿದ ಗರೀಬರು ಪುಣೆಯ ಹತ್ತಿರದ ಚಾಕಣ ಕೋಟೆಗೆ ಓಡಿ ಬಂದರು. ಅವರು ದ್ರೋಹ ಬಗೆದಿದ್ದಾರೆಂದು ಸುಲ್ತಾನನ ಕಿವಿಯೂದಿದ ದಖ್ಖನಿ ಸರದಾರರು ಅಲ್ಲಿ ಅವರ ಕಗ್ಗೊಲೆ ನಡೆಸಿದರು. ನಿಜ ತಿಳಿದ ಮೇಲೆ ಶಿಕ್ಷೆ ಅನುಭವಿಸುವ ಸರದಿ ದಖ್ಖನಿಗಳದಾಯಿತು.

ಗರೀಬ್ ಎಂಬುದು ದೂರದಿಂದ ಬಂದವರಿಗೆಲ್ಲ ಸಲ್ಲುವ ಹೆಸರಾಗಿತ್ತೆಂದು ತಿಳಿದರೆ ತಪ್ಪಾಗುತ್ತದೆ. ಆಫ್ರಿಕದ ಅಬಿಸೀನಿಯದಿಂದ ಬಂದ ಹಬ್ಶಿಗಳು ಸಮುದ್ರ ದಾಟಿಯೇ ಬಂದವರು. ಆದರೂ ಅವರು ಎಡಗಡೆಯ ಸಾಲಿನಲ್ಲಿ, ದಖ್ಖನಿಗಳ ಜೊತೆ ಇದ್ದರು. ಫಾರಸಿ ಮಾತು, ಹೆಚ್ಚಾಗಿ ಶಿಯಾ ಒಲವು, ಇರಾನಿನ ಕುಲೀನತೆಯ ಹಮ್ಮು ಇವು ಕೂಡಿ ಒಬ್ಬನನ್ನು ಗರೀಬನನ್ನಾಗಿ ಮಾಡುತ್ತಿದ್ದವು. ಶಬ್ದ ಆಗಲೇ ಪಕ್ಷದ ಹೆಸರಾಗಿತ್ತು, ಆ ಪಕ್ಷಕ್ಕೆ ಬಡತನದ ಸೋಂಕೂ ಇರಲಿಲ್ಲ. ಇನ್ನೊಂದು ಮಾತು: ಈ ಕಲಹವನ್ನು ನಮಗೆ ವರದಿ ಮಾಡಿದ ಫರಿಷ್ತಾ ಕ್ಯಾಸ್ಪಿಯನ್ ಕಡಲಿನ ಬಳಿಯ ಅಸ್ತರಾಬಾದಿನಲ್ಲಿ ಹುಟ್ಟಿ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾನ ಆಶ್ರಯದಲ್ಲಿ ಬರೆದವನು. ಬುರ್ಹಾನ್-ಇ-ಮಆಸಿರ್ ಬರೆದ ಸಯ್ಯದ್ ಅಲಿ ತಬಾತಬಾ ಕೂಡ ಇರಾನಿನಿಂದ ಅಹ್ಮದ್‌ನಗರಕ್ಕೆ ಬಂದವನು. ಗರೀಬರ ಕಥೆಯನ್ನು ಗರೀಬರೇ ಬರೆದಿದ್ದಾರೆ. ಎಡಸಾಲಿನವರು ತಮ್ಮ ಅಹವಾಲನ್ನು ಇಷ್ಟು ವಿಸ್ತಾರವಾಗಿ ಬರೆದಿಟ್ಟಿದ್ದರೆ ಚಿತ್ರ ಬೇರೆಯಾಗುತ್ತಿತ್ತು.

ಈ ಬಣದ ಅತಿ ದೊಡ್ಡ ಹೆಸರು ಖ್ವಾಜಾ ಮಹಮೂದ್ ಗವಾನ್. ಕ್ಯಾಸ್ಪಿಯನ್ ತೀರದ ಗೀಲಾನಿನಿಂದ ವ್ಯಾಪಾರಕ್ಕೆಂದು ದಾಭೋಳ ಬಂದರಿಗೆ ಇಳಿದು 1453ರ ಹೊತ್ತಿಗೆ ಬೀದರಿಗೆ ಬಂದ. ಆಗ ಅವನಿಗೆ ನಲವತ್ತು ದಾಟಿತ್ತು. ಮುಂದೆ ಪ್ರಧಾನ ವಜೀರನಾದ. ಗೋವಾವನ್ನು ಗೆದ್ದ, ರಾಜ್ಯದ ನಾಲ್ಕು ತರಫುಗಳನ್ನು, ಎಂದರೆ ಪ್ರಾಂತಗಳನ್ನು, ಎಂಟಾಗಿ ಒಡೆದ, ಹುದ್ದೆಗಳನ್ನು ಎರಡೂ ಪಕ್ಷಗಳಿಗೆ ಹಂಚಿ ತಕ್ಕಡಿ ಸಮ ಹಿಡಿಯಲು ಹೆಣಗಿದ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಬೀದರಿನ ನಡುವೆ ಇಂದಿಗೂ ಇದೆ. ಅದರ ಒಂದು ಮಿನಾರು, ನೀಲಿ ಹಸಿರು ಹೆಂಚಿನ ಹೊದಿಕೆ ಸಮರಕಂದ, ಹೆರಾತ್‌ಗಳ ಶೈಲಿಯದು. ಔರಂಗಜೇಬನ ಕಾಲದಲ್ಲಿ ಒಳಗೆ ಕೂಡಿಟ್ಟ ಮದ್ದು ಸಿಡಿದು ಮುಂಭಾಗದ ಅರ್ಧದಷ್ಟು ಕುಸಿಯಿತು. ಹೆರಾತಿನ ಕವಿ ಜಾಮಿಯ ಜೊತೆ ಗವಾನನಿಗೆ ಪತ್ರವ್ಯವಹಾರವಿತ್ತು. ಅವನ ಪತ್ರಗಳ ಸಂಗ್ರಹ ರಿಯಾಜ್-ಉಲ್-ಇನ್ಶಾ.

ತಕ್ಕಡಿ ನಿಲ್ಲಲಿಲ್ಲ. ದಖ್ಖನಿ ಪಕ್ಷದ ಮಲಿಕ್ ಹಸನ್ ನಿಜಾಮ್-ಉಲ್-ಮುಲ್ಕ್ ಬಹ್ರಿಯ ಕಡೆಯವರು ಗವಾನನ ಮುದ್ರೆ ಒತ್ತಿದ ಖಾಲಿ ಕಾಗದ ಪಡೆದು, ಒಡಿಶಾದ ರಾಜನಿಗೆ ಅವನು ಬರೆದಂತೆ ಸುಳ್ಳು ಓಲೆ ಸೃಷ್ಟಿಸಿದರು. ಮೂರನೆಯ ಮುಹಮ್ಮದ್ ಷಾ ಅದನ್ನು ನಂಬಿ, 1481ರ ಏಪ್ರಿಲ್ 5ರಂದು ಆ ಮುದುಕನ ತಲೆ ತೆಗೆಸಿದ. ಆಮೇಲೆ ಅವನ ಹಣವನ್ನು ವಶಪಡಿಸಿಕೊಳ್ಳಲು ಹೋದವರಿಗೆ ಕಂಡದ್ದು ಎರಡು ಪೆಟ್ಟಿಗೆಗಳ ಲೆಕ್ಕ. ಒಂದು ರಾಜ್ಯದ ಖರ್ಚಿನದು, ಇನ್ನೊಂದು ಅವನ ಸ್ವಂತದ್ದು, ದಾನದ್ದು. ವ್ಯಾಪಾರದ ಸಣ್ಣ ಬಂಡವಾಳದಿಂದ ಬಂದದ್ದರಲ್ಲೇ ಅವನ ಊಟ ಬಟ್ಟೆ ನಡೆಯುತ್ತಿತ್ತು, ಚಾಪೆಯ ಮೇಲೆ ಮಲಗುತ್ತಿದ್ದ, ಮಣ್ಣಿನ ಮಡಕೆಯಲ್ಲಿ ಅವನ ಅಡಿಗೆ ಆಗುತ್ತಿತ್ತು ಎಂದು ಫರಿಷ್ತಾ ಬರೆದಿದ್ದಾನೆ. ಇದರಲ್ಲಿ ಸ್ವಪಕ್ಷದ ಅಭಿಮಾನ ಸೇರಿಲ್ಲವೆನ್ನಲಾಗದು. ಆದರೂ ಗರೀಬ ಶಬ್ದದ ಎರಡೂ ಅರ್ಥಗಳು ಸಲ್ಲುವ ವ್ಯಕ್ತಿಯೊಬ್ಬನನ್ನು ಬೀದರಿನ ಇತಿಹಾಸದಲ್ಲಿ ಹುಡುಕಿದರೆ ಇವನೇ ಸಿಗುತ್ತಾನೆ. ಅವನ ಗೋರಿ ಬೀದರಿನ ಹೊರವಲಯದ ಗೋರ್ನಳ್ಳಿಯಲ್ಲಿದೆ.

ಅವನು ಬದುಕಿದ್ದಾಗಲೇ, 1470ರ ಆಸುಪಾಸಿನಲ್ಲಿ, ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಬೀದರಿನಲ್ಲಿ ತಂಗಿದ್ದ. ತಂದಿದ್ದ ಒಂದೇ ಒಂದು ಕುದುರೆಯನ್ನು ಇಲ್ಲಿ ಮಾರಿದ. ಖೋಜಾ ಯೂಸುಫ್ ಖೊರಾಸಾನಿ ಎಂದು ಹೆಸರು ಹೇಳಿಕೊಳ್ಳುತ್ತಿದ್ದ. ಗರೀಬನೊಬ್ಬ ಇನ್ನೊಂದು ಬಗೆಯ ಗರೀಬನ ವೇಷ ತೊಟ್ಟದ್ದು ಏಕೆಂದು ಕೇಳಬೇಕಿಲ್ಲ. ಅಧಿಕಾರ ಖೊರಾಸಾನಿಗಳ ಕೈಯಲ್ಲಿದೆ ಎಂಬುದನ್ನು ಅವನು ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ಅದೇ ಕಥನದಲ್ಲಿ, ಅಮೀರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೆಯುತ್ತಿದ್ದರೆ ಹಳ್ಳಿಗಳ ಜನ ತೀರ ದೀನಸ್ಥಿತಿಯಲ್ಲಿದ್ದಾರೆಂಬ ಮಾತೂ ಇದೆ. ಅಂದಿನ ಬೀದರ ಸೀಮೆಯ ನಿಜವಾದ ಬಡವರು ಅವರು. ದರ್ಬಾರಿನ ಭಾಷೆಯಲ್ಲಿ ಅವರಿಗೆ ಗರೀಬ್ ಎಂಬ ಹೆಸರು ಸಿಗಲು ಇನ್ನೂ ಕಾಲ ಬೇಕಿತ್ತು.

ಗವಾನನ ಕೊಲೆಯಾದ ಮೇಲೆ ರಾಜ್ಯ ಐದು ಹೋಳಾಯಿತು. ಬಿಜಾಪುರದ ಯೂಸುಫ್ ಆದಿಲ್ ಖಾನ್, ಗೋಲ್ಕೊಂಡದ ಸುಲ್ತಾನ್ ಕುಲಿ ಇಬ್ಬರೂ ಗರೀಬರು. ಅಹ್ಮದ್‌ನಗರ ಕಟ್ಟಿದ ಮಲಿಕ್ ಅಹ್ಮದ್ ಆ ಹಸನ್ ಬಹ್ರಿಯ ಮಗ. ಬೀರಾರಿನ ಫತುಲ್ಲಾ ಇಮಾದ್-ಉಲ್-ಮುಲ್ಕ್ ವಿಜಯನಗರದ ಕಡೆಯ ಕನ್ನಡ ಹಿಂದೂ ಮನೆತನದಲ್ಲಿ ಹುಟ್ಟಿ ಸೆರೆಸಿಕ್ಕವನೆಂದು ಪ್ರತೀತಿ. ಬೀದರು ತುರ್ಕಿ ಮೂಲದ ಕಾಸಿಂ ಬರೀದನ ಪಾಲಾಯಿತು.

ಆಧುನಿಕ ಇತಿಹಾಸಕಾರರಿಗೆ ಈ ಬಣದ ಹೆಸರು ತೊಡಕಾಗಿದೆ. ಇಂಗ್ಲಿಷಿನಲ್ಲಿ ಬರೆದ ಹಳಬರು ವಿದೇಶಿಯರು ಎಂದುಬಿಟ್ಟರು. ಎಚ್. ಕೆ. ಶೇರ್ವಾನಿ ಬಹಮನಿಗಳನ್ನು ಕುರಿತ 1953ರ ಗ್ರಂಥದಲ್ಲಿ ಹೊಸದಾಗಿ ಬಂದವರು, ಹಳೆಯದಾಗಿ ಬಂದವರು ಎಂಬ ಜೋಡಿಯನ್ನು ಬಳಸಿದರು. ಯಾರೂ ಮೂಲತಃ ಇಲ್ಲಿನವರಲ್ಲ ಎಂಬುದು ಅದರ ಇಂಗಿತ. ರಿಚರ್ಡ್ ಈಟನ್ 2005ರ ತಮ್ಮ ದಖ್ಖನದ ಸಾಮಾಜಿಕ ಇತಿಹಾಸದಲ್ಲಿ ಪಶ್ಚಿಮದವರು ಎಂಬ ಹೆಸರು ಆರಿಸಿಕೊಂಡಿದ್ದಾರೆ. ಧಾತುವಿನ ಅರ್ಥಕ್ಕೆ ಇದೇ ಹತ್ತಿರ.

ಪರಸ್ಥಳದವ ಬಡವನಾದದ್ದು

ಊರು ಬಿಟ್ಟವನಿಗೆ ಬಂಧುವಿಲ್ಲ, ಹೊಲಮನೆ ಇಲ್ಲ, ಸಾಕ್ಷಿ ಹೇಳುವವರಿಲ್ಲ. ಅವನು ದಿಕ್ಕಿಲ್ಲದವನು. ದಿಕ್ಕಿಲ್ಲದವನು ದೀನ, ದೀನನು ಬಡವ. ಅರ್ಥ ಜಾರಿದ ಮೆಟ್ಟಿಲುಗಳು ಇವು. ಉರ್ದುವಿನ ಗುರ್ಬತ್ ಎಂಬ ಶಬ್ದ ಇಂದಿಗೂ ಎರಡು ಮೆಟ್ಟಿಲಿನ ಮೇಲೂ ಕಾಲಿಟ್ಟು ನಿಂತಿದೆ. ಕಾವ್ಯದಲ್ಲಿ ಅದು ಪರನಾಡಿನ ವಾಸ, ಮಾತಿನಲ್ಲಿ ಬಡತನ. ಮೊಹರಂ ಹತ್ತನೆಯ ದಿನದ ಸಂಜೆಗೆ ಶಾಮ್-ಎ-ಗರೀಬಾನ್ ಎನ್ನುತ್ತಾರೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುಸೇನರು ಹತರಾದ ಮೇಲೆ ಪರನೆಲದಲ್ಲಿ ಉಳಿದ ಹೆಂಗಸರು ಮಕ್ಕಳ ಸಂಜೆ ಅದು. ಅವರು ಪರಸ್ಥಳದವರೂ ಹೌದು, ದಿಕ್ಕುಗೆಟ್ಟವರೂ ಹೌದು. ಅರ್ಥ ಪಲ್ಲಟವಾಗುವುದಕ್ಕೆ ಇಂಥ ಸಂದರ್ಭಗಳೇ ಆಸರೆ. ಹಿಂದೂ ಮುಸ್ಲಿಮರೆನ್ನದೆ ಮೊಹರಂ ಆಚರಿಸಿ ಕನ್ನಡದಲ್ಲೇ ಕರ್ಬಲಾ ಪದ ಹಾಡುವ ಈ ಸೀಮೆಯಲ್ಲಿ ಆ ಕಥೆ ಓದುಬರಹದ ಹಂಗಿಲ್ಲದೆ ಹರಡಿದೆ.

ಪಲ್ಲಟ ದಖ್ಖನದಲ್ಲಷ್ಟೇ ಆಯಿತೆನ್ನಲಾಗದು. ತುರ್ಕಿ ಭಾಷೆಯಲ್ಲಿ ಗರಿಪ್ ಎಂದರೆ ವಿಚಿತ್ರ, ಜೊತೆಗೆ ಒಂಟಿ, ಪಾಪದವನು. ಅಲ್ಲಿನ ಜನಪದ ಕಥೆಯ ನಾಯಕ ಆಶಿಕ್ ಗರಿಪ್ ಬಡ ಹಾಡುಗಾರ, ಮದುವೆಗೆ ಹಣ ಗಳಿಸಲು ಏಳು ವರ್ಷ ದೇಶಾಂತರ ಹೋದವನು. ರಷ್ಯದ ಲೆರ್ಮೊಂತೊವ್ 1837ರಲ್ಲಿ ಅದನ್ನು ಬರಹಕ್ಕಿಳಿಸಿದ, ಪರಜಾನೊವ್ 1988ರಲ್ಲಿ ಸಿನಿಮಾ ಮಾಡಿದ. 1941ರಲ್ಲಿ ಓರ್ಹಾನ್ ವೇಲಿ ಮತ್ತು ಗೆಳೆಯರು ಹೊಸ ಕಾವ್ಯದ ಚಳವಳಿಗೆ ಗರಿಪ್ ಎಂದೇ ಹೆಸರಿಟ್ಟಾಗ ಮನಸ್ಸಿನಲ್ಲಿದ್ದದ್ದು ವಿಚಿತ್ರ ಎಂಬ ಅರ್ಥ. ಭಾರತದ ಭಾಷ್ಯ ಬೇರೆ. ಹಿಂದಿ, ಉರ್ದು, ಮರಾಠಿ, ತೆಲುಗು, ಬಂಗಾಳಿ, ಕನ್ನಡ ಎಲ್ಲದರಲ್ಲೂ ಬಡತನ ಮುಂದೆ ಬಂದು ವಿಚಿತ್ರ ಹಿಂದೆ ಸರಿಯಿತು. ಮರಾಠಿಯಲ್ಲಿ ಸಾಧು ಸ್ವಭಾವವೂ ಸೇರಿಕೊಂಡಿತು. ಹಾಯದ, ಒದೆಯದ ಹಸು ಅಲ್ಲಿ ಗರೀಬ್ ಗಾಯ್. ಮಹಾರಾಷ್ಟ್ರಕ್ಕೆ ತಾಗಿದ ಔರಾದ, ಭಾಲ್ಕಿ ತಾಲ್ಲೂಕುಗಳಲ್ಲಿ ಮರಾಠಿ ಮನೆಮಾತಾಗಿರುವವರು ಬಹಳ ಜನ.

ಯುರೋಪಿನ ಭಾಷೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಪರಕೀಯನನ್ನು ಕಾಣುವ ಎರಡು ನೋಟಗಳು ತಿಳಿಯುತ್ತವೆ. ಇಂಗ್ಲಿಷಿನ ಸ್ಟ್ರೇಂಜ್ ಹೊರಗಿನ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಫ್ರೆಂಚ್ ಮೂಲಕ ಬಂದದ್ದು. ಮೊದಲು ಪರದೇಶದ ಎಂಬರ್ಥವಿದ್ದು ಆಮೇಲೆ ವಿಚಿತ್ರ ಎಂದಾಯಿತು. ಔಟ್‌ಲ್ಯಾಂಡಿಶ್ ಕೂಡ ಹೊರನಾಡಿನದು ಎಂಬಲ್ಲಿಂದ ಚಮತ್ಕಾರದ್ದು, ಅಸಂಬದ್ಧವಾದದ್ದು ಎಂಬಲ್ಲಿಗೆ ಇಳಿಯಿತು. ವಿಯರ್ಡ್ ಮಾತ್ರ ಬೇರೆ ದಾರಿಯದು. ಅದು ಹಳೆಯ ಇಂಗ್ಲಿಷಿನಲ್ಲಿ ಹಣೆಬರಹದ ಹೆಸರು. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕದ ಮೂವರು ಮಾಟಗಾತಿಯರಿಗೆ ಅಂಟಿಕೊಂಡು, ಅವರ ವಿಕಾರ ರೂಪದ ನೆರಳು ಬಿದ್ದು, 19ನೆಯ ಶತಮಾನದಲ್ಲಿ ವಿಲಕ್ಷಣ ಎಂದಾಯಿತು. ಇವೆಲ್ಲ ಪರಕೀಯನನ್ನು ದೂರ ನಿಂತು ಬೆರಗಿನಿಂದಲೋ ತಾತ್ಸಾರದಿಂದಲೋ ನೋಡಿದ ಶಬ್ದಗಳು. ಗರೀಬದ ದಾರಿ ಹಿಡಿದವೂ ಅಲ್ಲಿವೆ. ಜರ್ಮನ್ನಿನಲ್ಲಿ ದುರವಸ್ಥೆಗೆ ಇರುವ ಎಲೆಂಟ್ ಎಂಬ ಮಾತು ಮೂಲದಲ್ಲಿ ಅನ್ಯನಾಡು. ಇಂಗ್ಲಿಷಿನ ರೆಚ್, ಅಂದರೆ ನಿರ್ಗತಿಕ, ಹಿಂದೆ ಗಡಿಪಾರಾದವನು. ಅದರ ದಾಯಾದಿಯಾದ ಜರ್ಮನ್ ರೆಕೆ ವೀರಯೋಧನೆಂಬ ಅರ್ಥ ಪಡೆದಿದೆ. ಮನೆ ಬಿಟ್ಟವನು ಒಂದು ಭಾಷೆಯಲ್ಲಿ ಅಯ್ಯೋ ಪಾಪ ಎನಿಸಿಕೊಂಡ, ಇನ್ನೊಂದರಲ್ಲಿ ಶೂರನಾದ.

ಕನ್ನಡಕ್ಕೆ ಈ ಅನುಭವ ಗರೀಬ ಬರುವುದಕ್ಕೆ ಮೊದಲೇ ಆಗಿತ್ತು. ಪರದೇಶಿ ಶಬ್ದವನ್ನು ನೋಡಿ. ಅಯ್ಯಾವೊಳೆ ಐನೂರ್ವರ ಶಾಸನಗಳಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ ಎಂದರೆ ಕಡಲು ದಾಟಿ ಆನೆ, ಕುದುರೆ, ರತ್ನ, ಕರ್ಪೂರ ಮಾರುವ ವರ್ತಕ ಸಂಘಗಳು. ದೇವಾಲಯಕ್ಕೆ ದತ್ತಿ ಬಿಡುವಷ್ಟು ಶ್ರೀಮಂತರು. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಯಹೂದಿ ಪ್ರಾರ್ಥನಾಮಂದಿರಕ್ಕೂ ಪರದೇಶಿ ಎಂಬ ಹೆಸರಿದೆ. ಇಂದಿನ ಕನ್ನಡದಲ್ಲಿ ತಂದೆತಾಯಿ ಸತ್ತು ಮಗು ಪರದೇಶಿಯಾಯಿತು ಎನ್ನುತ್ತೇವೆ. ತಮಿಳಿನಲ್ಲಿ ಪರದೇಶಿ ಭಿಕ್ಷುಕ. ಸಂಸ್ಕೃತದಿಂದ ಬಂದ ಶಬ್ದವೂ ಅರಬ್ಬಿಯಿಂದ ಬಂದ ಶಬ್ದವೂ ಒಂದೇ ನೆಲದಲ್ಲಿ, ಒಂದನ್ನೊಂದು ಕೇಳದೆ, ಸಾಹುಕಾರನಿಂದ ನಿರ್ಗತಿಕನವರೆಗೆ ಇಳಿದವು. ಫಾರಸಿಯ ಪ್ರಭಾವವೊಂದರಿಂದಲೇ ಇದನ್ನು ವಿವರಿಸಲು ಸಾಧ್ಯವಿಲ್ಲ. ಕುಲ, ಊರು, ಮಠ, ಒಕ್ಕಲು ಇವುಗಳ ಮೂಲಕವೇ ಒಬ್ಬನ ಗುರುತು ನಿಲ್ಲುವ ಸಮಾಜದಲ್ಲಿ, ಇವು ಇಲ್ಲದವನಿಗೆ ಹಣವಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಗರೀಬ ಬಿಟ್ಟುಹೋದ ಕೆಲಸಗಳನ್ನು ಬೇರೆ ಶಬ್ದಗಳು ವಹಿಸಿಕೊಂಡವು. ವಿಚಿತ್ರಕ್ಕೆ ಅಜೀಬ್ ಬಂತು, ದಾರಿಹೋಕನಿಗೆ ಮುಸಾಫಿರ, ಅಪರಿಚಿತನಿಗೆ ಉರ್ದುವಿನಲ್ಲಿ ಅಜನಬಿ. ಅರಬ್ಬಿಯಲ್ಲಿ ಬಡವನಿಗೆ ಇದ್ದ ಶಬ್ದ ಫಕೀರ್. ಅದು ಕನ್ನಡಕ್ಕೆ ಬರುವಾಗ ಭಿಕ್ಷೆ ಬೇಡುವ ಮುಸಲ್ಮಾನ ಸಾಧುವಾಗಿತ್ತು. ಅವನು ಬಿಟ್ಟ ಜಾಗದಲ್ಲಿ ಗರೀಬ ಕುಳಿತ. ಕನ್ನಡದ ಬಡವ ಬಡಕಲು ಮೈಯವನು. ಶಬ್ದದಲ್ಲಿ ಕಾಣುವುದು ಹಸಿದ ದೇಹ. ಗರೀಬದಲ್ಲಿ ಕಾಣುವುದು ಬಂಧುಬಳಗವಿಲ್ಲದ ಒಂಟಿತನ.

ಬೀದರ ಸೀಮೆಯ ಕನ್ನಡದಲ್ಲಿ

ಫಾರಸಿ ದರ್ಬಾರಿನಿಂದ ಹಳ್ಳಿಯ ಅಂಗಳಕ್ಕೆ ಶಬ್ದ ಇಳಿದು ಬಂದದ್ದು ದಖ್ಖನಿಯ ಮೂಲಕ. ಆ ಭಾಷೆಯ ಮೊದಲ ದೊಡ್ಡ ಕಾವ್ಯವೆಂದು ಗಣಿಸಲಾಗುವ ಫಖ್ರುದ್ದೀನ್ ನಿಜಾಮಿಯ ಕದಮರಾವ್ ಪದಮರಾವ್ ಬೀದರಿನಲ್ಲಿ, ಅಹ್ಮದ್ ಷಾನ ಕಾಲದ್ದು. ಮುಂದೆ ಹೈದರಾಬಾದ್ ಸಂಸ್ಥಾನದಲ್ಲಿ ಉರ್ದು ಕಚೇರಿಯ, ಶಾಲೆಯ ಭಾಷೆಯಾಯಿತು. 1948ರವರೆಗೂ ಬೀದರ ಜಿಲ್ಲೆ ನಿಜಾಮನದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಕಾಲದ್ದು. ಕನ್ನಡ ಹೀಗೆ ಹಿತ್ತಿಲ ಬಾಗಿಲಿನಿಂದ ಬದುಕಬೇಕಾದ ದಿನಗಳಲ್ಲಿ ಅರ್ಜಿ, ವಕೀಲ, ಜಮೀನುಗಳ ಜೊತೆ ಗರೀಬವೂ ರೈತನ ಬಾಯಿಗೆ ಬಂದು ನೆಲೆನಿಂತಿತು. ಅಧಿಕಾರಿಯ ಮುಂದೆ ನಿಂತವನು ಅವನನ್ನು ಗರೀಬ್ ಪರ್ವರ್, ಬಡವರ ಪಾಲಕ, ಎಂದು ಸಂಬೋಧಿಸಬೇಕಿತ್ತು. ಉಳ್ಳವರು ವಿನಯ ತೋರಲು ತಮ್ಮ ಮನೆಯನ್ನು ಗರೀಬ್‌ಖಾನಾ ಎನ್ನುತ್ತಿದ್ದರು, ಎದುರಿನವನ ಮನೆ ದೌಲತ್‌ಖಾನಾ. ನಿಜವಾಗಿ ಗರೀಬನಾದವನಿಗೆ ಈ ವಿನಯದ ಅಗತ್ಯ ಬೀಳಲಿಲ್ಲ.

ಇದೇ ನೆಲದಲ್ಲಿ ಪರಕೀಯತೆ ಪೂರ್ತಿ ಕರಗಿದ ಉದಾಹರಣೆಯೂ ಇದೆ. ಅಷ್ಟೂರಿನಲ್ಲಿ ಅಹ್ಮದ್ ಷಾನ ಗೋರಿ ಮುಸ್ಲಿಮರಿಗೆ ವಲಿಯ ದರ್ಗಾ, ಲಿಂಗಾಯತರಿಗೆ ಅಲ್ಲಮಪ್ರಭುವಿನ ಗದ್ದುಗೆ. ವರ್ಷಕ್ಕೊಮ್ಮೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಭಕ್ತರೊಡನೆ ನಡೆದು ಬರುತ್ತಾರೆ, ಶಂಖ ಊದಿ, ತೆಂಗಿನಕಾಯಿ ಒಡೆದು, ಹೂವು ಏರಿಸುತ್ತಾರೆ. ಗುಲಾಂ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರ ಕುರಿತ ಗ್ರಂಥದಲ್ಲಿ ಇದರ ವಿವರವಿದೆ. ಗುಮ್ಮಟದ ಒಳಗೋಡೆಯ ಮೇಲೆ ಇರುವುದು ಕಿರ್ಮಾನಿನ ಸಂತನ ಗುರುಪರಂಪರೆಯ ಫಾರಸಿ, ಅರಬ್ಬಿ ಬರಹ. ದರ್ಬಾರನ್ನು ಗರೀಬರಿಂದ ತುಂಬಿದ ಸುಲ್ತಾನ ತಾನು ಮಾತ್ರ ಬಳ್ಳಿಗಾವಿಯ ಅಲ್ಲಮನ ಹೆಸರಿನಲ್ಲಿ ಊರವನಾಗಿದ್ದಾನೆ.

ಸ್ವತಂತ್ರ ಭಾರತದಲ್ಲಿ ಶಬ್ದಕ್ಕೆ ಹೊಸ ಬಲ ಬಂದದ್ದು ಚುನಾವಣೆಯಿಂದ. 1971ರಲ್ಲಿ ಇಂದಿರಾ ಗಾಂಧಿಯವರು ಎತ್ತಿದ ಗರೀಬಿ ಹಟಾವೊ ಘೋಷಣೆ ಹಿಂದಿ ಬಾರದ ಹಳ್ಳಿಗಳಿಗೂ ತಲುಪಿತು. ಉರ್ದು ಕೇಳಿ ಬಲ್ಲ ಬೀದರಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. 2006ರಲ್ಲಿ ಕಡಿಮೆ ದರದ ಹವಾನಿಯಂತ್ರಿತ ರೈಲುಗಳು ಗರೀಬ್ ರಥವಾದವು. 2020ರ ಕೊರೊನಾ ಕಾಲದಲ್ಲಿ ತಲಾ ಐದು ಕಿಲೊ ಧಾನ್ಯ ಕೊಟ್ಟ ಯೋಜನೆಯ ಹೆಸರು ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಅನ್ನ ಯೋಜನೆ. ಅದಕ್ಕೆ ಒಂದು ವರ್ಷ ಮೊದಲು, 2019ರಲ್ಲಿ, ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಬಂದಿತ್ತು. ಗರೀಬ ಮತ್ತು ಕಲ್ಯಾಣ ಎರಡೂ ಬೀದರ ಜಿಲ್ಲೆಯ ಇತಿಹಾಸದ ಮಾತುಗಳೇ ಆಗಿದ್ದರೂ ಯೋಜನೆಗೆ ಹೆಸರಿಟ್ಟವರ ಲಕ್ಷ್ಯದಲ್ಲಿ ಅದು ಇದ್ದಿರಲಾರದು. ಲಾಕ್‌ಡೌನಿನ ಆ ದಿನಗಳಲ್ಲಿ ದೂರದ ಪಟ್ಟಣಗಳಿಂದ ಹೆದ್ದಾರಿ ಹಿಡಿದು ನಡೆದವರು ಕೂಲಿಗೆ ಊರು ಬಿಟ್ಟ ಬಡವರು. ಅರಬ್ಬಿ ಪಂಡಿತನಿಗೂ ಬೀದರಿನ ರೈತನಿಗೂ ಒಂದೇ ಸಲ ಒಪ್ಪಿಗೆಯಾಗುವಂತೆ ಅವರನ್ನು ಗರೀಬರು ಎನ್ನಬಹುದಿತ್ತು.

ಶಬ್ದಕೋಶಗಳು ಗರೀಬಕ್ಕೆ ಬಡವ ಎಂಬ ಅರ್ಥ ಕೊಟ್ಟು ಮುಂದೆ ಹೋಗುತ್ತವೆ. ಇಂದಿನ ಬಳಕೆಗೆ ಅದು ಸಾಕು. ಆದರೆ ಬಹಮನಿ ಕಾಲದ ಬರಹಗಳನ್ನು ಅನುವಾದದಲ್ಲಿ ಓದುವವರು ಎಚ್ಚರದಿಂದಿರಬೇಕು. ಬೀದರಿನಲ್ಲಿ ಗರೀಬರು ದಂಗೆಯೆದ್ದರು, ಗರೀಬರಿಗೆ ಜಾಗೀರು ಸಿಕ್ಕಿತು, ಗರೀಬರ ಕೊಲೆಯಾಯಿತು ಎಂದು ಕಂಡಲ್ಲಿ ಅದನ್ನು ಬಡವರ ಚರಿತ್ರೆಯೆಂದು ಓದಬಾರದು.